ಬರೆಯಿಲ್ಲದ ರಜೆ

ಕಲ್ತೂಮಾಳ ಮಗ್ಗದ ಬಾಚಣಿಗೆಯ ಸದ್ದು ಕುಗ್ಗಿದ್ದನ್ನು ಮೊದಲು ಎತ್ತಿ ಆಡಿದವಳು ಅವಳ ಅತ್ತೆಯಲ್ಲ, ಪಕ್ಕದ ಮನೆಯ ಮಹ್ಜೂಬಾ.

ಆ ಬೆಟ್ಟದೂರಿನಲ್ಲಿ ಮಗ್ಗವಿಲ್ಲದ ಮನೆ ಇರಲಿಲ್ಲ. ಉಣ್ಣೆಯ ಗಂಟುಗಳನ್ನು ಒಂದು ಸಾಲು ಕಟ್ಟಿ, ಹೊಕ್ಕಿನ ನೂಲು ಎಳೆದು, ಕಬ್ಬಿಣದ ಬಾಚಣಿಗೆಯಿಂದ ಕುಟ್ಟಿ ಕೂರಿಸಬೇಕು. ಹಾಗೆ ಕುಟ್ಟಿದರೇ ರತ್ನಗಂಬಳಿ ಗಟ್ಟಿಯಾಗುವುದು. ಆ ಸದ್ದು ಮಣ್ಣಿನ ಗೋಡೆ ದಾಟಿ ಓಣಿಗೆ ಬರುತ್ತದೆ. ಯಾರ ಸೊಸೆ ಯಾವಾಗ ಮಗ್ಗಕ್ಕೆ ಕೂತಳು, ಎಷ್ಟು ಜೋರಾಗಿ ಕುಟ್ಟುತ್ತಾಳೆ, ಯಾವಾಗ ಎದ್ದುಹೋದಳು ಎಂಬುದನ್ನು ತಿಳಿಯಲು ಯಾರೂ ಯಾರ ಮನೆಗೂ ಹೋಗಬೇಕಿಲ್ಲ. ಹೆಣ್ಣು ನೋಡಲು ಬಂದವರೂ ಓಣಿಯಲ್ಲಿ ಸ್ವಲ್ಪ ಹೊತ್ತು ನಿಂತು, ಕಿವಿಗೊಟ್ಟು, ಆಮೇಲೆ ಬಾಗಿಲು ತಟ್ಟುತ್ತಾರೆ.

"ಏನ್ ಇಜ್ಜಕ್ಕಾ, ನಿನ್ ಸೊಸೆ ಕಂಬಳಿ ಕುಟ್ತಾಳೋ, ಕಂಬಳೀನ ತಟ್ಟಿ ಮಲಗಿಸ್ತಾಳೋ?" ಎಂದು ಮಹ್ಜೂಬಾ ಗೋಡೆಯಾಚೆಯಿಂದಲೇ ಕೇಳಿದಳು.

"ನಿನ್ ಕಿವಿ ತೊಳ್ಕೊಂಡು ಬಾ ಹೋಗೇ," ಎಂದಳು ಅತ್ತೆ ಇಜ್ಜಾ. ಆದರೆ ಒಳಗೆ ಬಂದು ಕಲ್ತೂಮಾಳ ಬೆನ್ನ ಹಿಂದೆ ನಿಂತಳು. "ಜೋರಾಗಿ ಕುಟ್ಟು. ಕೇಳಿಸ್ಲಿ."

ಕಲ್ತೂಮಾ ಜೋರಾಗಿ ಕುಟ್ಟಿದಳು. ಮೊಣಕೈಯ ಹೊರಬದಿಯಲ್ಲಿ, ಮೂಳೆ ಉಬ್ಬಿರುವ ಕಡೆ, ಯಾರೋ ಮೊಳೆ ಇಟ್ಟು ಹೊಡೆದಂತಾಯಿತು. ನೋವು ಅಲ್ಲಿಂದ ಮುಂಗೈ ಉದ್ದಕ್ಕೂ ಇಳಿಯಿತು.

ಶುರುವಾಗಿದ್ದು ಬೇಸಿಗೆಯಲ್ಲಿ. ಮೊದಮೊದಲು ಬಟ್ಟೆ ಹಿಂಡುವಾಗ ಮಾತ್ರ. ಆಮೇಲೆ ಬಾಗಿಲ ಬೀಗ ತಿರುಗಿಸುವಾಗ, ಆಮೇಲೆ ಹಿಟ್ಟಿನ ತಟ್ಟೆ ಎತ್ತುವಾಗ. ಈಗ ಬೆಳಗ್ಗೆ ಎದ್ದರೆ ಕೈ ಮರದ ಕೊರಡಿನಂತಿರುತ್ತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ನಾದಿನಿ ಯಾಮ್ನಾಳ ಮದುವೆ ವಸಂತಕ್ಕೆ ನಿಗದಿಯಾಗಿತ್ತು. ಮಗ್ಗದಲ್ಲಿದ್ದದ್ದು ಅವಳು ಗಂಡನ ಮನೆಗೆ ಒಯ್ಯಬೇಕಾದ ರತ್ನಗಂಬಳಿ, ಇನ್ನೂ ಅರ್ಧವೂ ಏರಿರಲಿಲ್ಲ. ಮನೆಯಲ್ಲಿ ಹಾಗೆ ಕುಟ್ಟಬಲ್ಲವಳು ಕಲ್ತೂಮಾ ಒಬ್ಬಳೇ.

ಗುಟ್ಟು ರಟ್ಟಾಗಿದ್ದು ಚಹಾದಿಂದ. ಮದುವೆಯ ಮಾತು ಮುಗಿಸಲು ಗಂಡಿನ ಮನೆಯ ಹೆಂಗಸರು ಬಂದಿದ್ದರು. ಕಲ್ತೂಮಾ ಪುದೀನ ಚಹಾದ ಕೆಟಲನ್ನು ಎತ್ತರಕ್ಕೆ ಹಿಡಿದು ಸುರಿಯುತ್ತಿದ್ದಳು. ಹಾಗೆ ಎತ್ತರದಿಂದ ಸುರಿಯದಿದ್ದರೆ ನೊರೆ ಬರುವುದಿಲ್ಲ, ನೊರೆ ಬರದಿದ್ದರೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. ಎರಡನೆಯ ಲೋಟಕ್ಕೆ ಬರುವಷ್ಟರಲ್ಲಿ ಕೈ ಕೈಕೊಟ್ಟಿತು. ಕೆಟಲ್ ಗಂಡಿನ ಚಿಕ್ಕಮ್ಮನ ಮಡಿಲಿಗೇ ಬಿತ್ತು. ಆಕೆ ಎರಡು ದಪ್ಪ ಲಂಗ ಉಟ್ಟಿದ್ದರಿಂದ ಸುಡಲಿಲ್ಲ. ಆದರೆ ಕೂಗಿಗೇನೂ ಕೊರತೆಯಾಗಲಿಲ್ಲ.

ಅವರು ಹೋದ ಮೇಲೆ ಇಜ್ಜಾ ಸೊಸೆಯ ತೋಳನ್ನು ಹಿಡಿದು, ಹೆಬ್ಬೆರಳಿನಿಂದ ಮೊಣಕೈಯ ಆ ಉಬ್ಬನ್ನು ಒತ್ತಿದಳು. ಕಲ್ತೂಮಾ ಕಿರುಚಿದಳು.

"ಇಲ್ಲೇ ತಾನೆ? ನಂಗೂ ಇಲ್ಲೇ ಬಂದಿತ್ತು." ಇಜ್ಜಾ ತನ್ನ ಬಲತೋಳಿನ ಬಟ್ಟೆ ಮೇಲೆತ್ತಿದಳು. ಮೊಣಕೈಯ ಪಕ್ಕದಲ್ಲಿ ಮೂರು ದುಂಡು ಗುರುತುಗಳು, ಹೊಳೆಯುವ ಸತ್ತ ಚರ್ಮ. "ಯಾರೋ ಮಗ್ಗದ ಹಾಸಿನ ನೂಲನ್ನ ಕಾಲಲ್ಲಿ ದಾಟಿದಾರೆ. ಮಗ್ಗಕ್ಕೆ ಸಿಟ್ಟು ಬಂದಿದೆ. ಗುರುವಾರ ಸಂತೆ ಮುಗಿಸ್ಕೊಂಡು ದಾ ಬಿಹಿ ಬರ್ತಾನೆ. ಬರೆ ಹಾಕಿಸ್ಬಿಡೋಣ."

ಬಿಹಿ ಬರೆ ಹಾಕುವ ಮುದುಕ. ಊರಿಗೆ ಹಿರಿಯನಾದ್ದರಿಂದ ಎಲ್ಲರೂ ಅವನನ್ನು ದಾ ಬಿಹಿ ಎಂದೇ ಕರೆಯುತ್ತಿದ್ದರು. ಸೊಂಟ ಹಿಡಿದವರಿಗೆ, ಕಾಲಿನ ನರ ಸೆಳೆದವರಿಗೆ, ಭುಜ ಬಿಗಿದವರಿಗೆ ಅವನದೇ ಕಬ್ಬಿಣ.

"ನಂಗೆ ಬರೆ ಬೇಡ, ಅತ್ತೆ."

"ಬೇಡ ಅನ್ನೋಕೆ ಅದೇನು ಊಟಾನಾ?"

ಗಂಡ ಹಮ್ಮೂ ಊರಿಗೂ ಸಂತೆಗೂ ವ್ಯಾನ್ ಓಡಿಸುವವನು. ಅವನು ಬ್ರೆಡ್ಡನ್ನು ಎಣ್ಣೆಯಲ್ಲಿ ಅದ್ದುತ್ತಾ, "ಅಮ್ಮಂಗೆ ವಾಸಿಯಾಗಿದೆಯಲ್ಲ," ಎಂದ. ಅವನ ಮಾತು ಅಷ್ಟೇ. ಕಲ್ತೂಮಾ ಅವನ ಮುಂದಿದ್ದ ಎಣ್ಣೆಯ ಬಟ್ಟಲನ್ನು ಎಡಗೈಯಿಂದ ಎಳೆದುಕೊಂಡಳು.

"ನಾಳೆ ನಿನ್ ವ್ಯಾನಲ್ಲಿ ನಂಗೊಂದು ಸೀಟು ಇಡು. ಆಸ್ಪತ್ರೆಗೆ ಹೋಗ್ಬೇಕು."

*

ಕೆಳಗಿನ ಊರಿನ ಆರೋಗ್ಯ ಕೇಂದ್ರದಲ್ಲಿ ಇದ್ದವಳು ಒಬ್ಬಳೇ ನರ್ಸ್, ಗಿಜ್ಲಾನ್. ಕರಾವಳಿಯ ಶಹರದಿಂದ ಬಂದವಳು, ಬೆಟ್ಟದ ಭಾಷೆಯನ್ನು ಕಲಿತು ತಪ್ಪುತಪ್ಪಾಗಿ ಧೈರ್ಯದಿಂದ ಆಡುವವಳು.

ಅವಳು ಮೊದಲು ಮೊಣಕೈ ಮುಟ್ಟಲಿಲ್ಲ. ಕತ್ತು ತಿರುಗಿಸು ಎಂದಳು, ಭುಜ ಎತ್ತು ಎಂದಳು. ಬೆರಳು ಜೋಮು ಹಿಡಿಯುತ್ತದೆಯೇ, ರಾತ್ರಿ ಜ್ವರ ಬರುತ್ತದೆಯೇ, ಕೀಲು ಊದಿ ಬಿಸಿಯಾಗಿತ್ತೇ ಎಂದು ಕೇಳಿದಳು. ಯಾವುದೂ ಇಲ್ಲ. ಆಮೇಲೆ ಕೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಡಿಸಿ, ಮಣಿಕಟ್ಟನ್ನು ಮೇಲೆತ್ತಲು ಹೇಳಿ, ತಾನು ಮೇಲಿಂದ ಒತ್ತಿದಳು.

"ಅಯ್ಯೋ ನಿನ್ ಮನೆ ಹಾಳಾಗ!"

"ಸಿಕ್ತು," ಎಂದಳು ಗಿಜ್ಲಾನ್. "ಇದು ಮೂಳೆ ಅಲ್ಲ ಅಕ್ಕಾ, ನರಾನೂ ಅಲ್ಲ. ಮಣಿಕಟ್ಟು ಎತ್ತೋ ಮಾಂಸಖಂಡ ಒಂದು ಹುರಿಯಾಗಿ ಬಂದು ಇಲ್ಲಿ ಮೂಳೆಗೆ ಅಂಟಿಕೊಳ್ಳುತ್ತೆ. ಆ ಹುರಿ ಸವೆದಿದೆ. ಟೆನಿಸ್ ಆಡೋರಿಗೆ ಬರುತ್ತೆ ಅಂತ ಅವರ ಹೆಸರೇ ಇಟ್ಟಿದಾರೆ."

"ನಾನು ಹುಟ್ಟಿದಾಗಿಂದ ಯಾವ ಚೆಂಡೂ ಮುಟ್ಟಿಲ್ಲ ತಂಗಿ."

"ಕುಟ್ಟಿದ್ದೀಯಲ್ಲ. ಅದಕ್ಕೆ ಅಷ್ಟು ಸಾಕು. ಒಂದೂವರೆ ತಿಂಗಳು ಮಗ್ಗ ಮುಟ್ಬೇಡ."

ಕಲ್ತೂಮಾ ನಕ್ಕಳು. ನಗುತ್ತಲೇ ಎದ್ದುನಿಂತಳು. "ಇದನ್ನ ಹೇಳೋಕೆ ಅಷ್ಟು ಓದ್ಬೇಕಿತ್ತಾ? ಕೈ ನೋಯ್ತಿದ್ರೆ ಕೆಲಸ ಮಾಡ್ಬೇಡ ಅಂತ ನಮ್ ಕತ್ತೆಗೂ ಗೊತ್ತು. ನೀನೇ ಬಂದು ನಮ್ಮತ್ತೆಗೆ ಹೇಳು, ಬಾ."

ಗಿಜ್ಲಾನ್ ಪೆನ್ನು ಕೆಳಗಿಟ್ಟಳು. ಅವಳಿಗೂ ಸಿಟ್ಟು ಬಂದಿತ್ತು. "ಕೂತ್ಕೋ. ಕೂತ್ಕೊಂಡು ತೋರ್ಸು, ಏನು ಮಾಡ್ತೀಯ ಅಂತ."

ಕಲ್ತೂಮಾ ನೆಲದ ಮೇಲೆ ಕೂತು, ಗೋಡೆಯನ್ನೇ ಮಗ್ಗ ಮಾಡಿಕೊಂಡು, ಗಂಟು ಕಟ್ಟಿದಳು, ನೂಲು ಎಳೆದಳು, ಗಾಳಿಯಲ್ಲೇ ಬಾಚಣಿಗೆ ಎತ್ತಿ ಕುಟ್ಟಿದಳು. ಗಿಜ್ಲಾನ್ ಮತ್ತೆ ಮಾಡಿಸಿದಳು. "ಗಂಟು ಕಟ್ಟುವಾಗ ನೋವಿದೆಯಾ?" "ಇಲ್ಲ." "ನೂಲು ಎಳೆಯುವಾಗ?" "ಇಲ್ಲ." "ಬಾಚಣಿಗೆ ಎಷ್ಟು ಭಾರ?" ಕಲ್ತೂಮಾ ಮೇಜಿನ ಮೇಲಿದ್ದ, ಮಾತ್ರೆ ಪುಡಿ ಮಾಡುವ ಕಬ್ಬಿಣದ ಕುಟ್ಟಾಣಿ ಎತ್ತಿ ತೋರಿಸಿದಳು, ಇದಕ್ಕಿಂತ ಭಾರ. "ಹಿಡಿ ಎಷ್ಟು ದಪ್ಪ?" ಕಿರುಬೆರಳು ತೋರಿಸಿದಳು.

"ಸರಿ. ನಾನು ಹೇಳಿದ್ದು ತಪ್ಪು. ಮಗ್ಗ ಬಿಡ್ಬೇಡ, ಕುಟ್ಟೋದನ್ನ ಬಿಡು. ಗಂಟು ಕಟ್ಟು. ಕುಟ್ಟೋಕೆ ಬೇರೆಯವರು ಇರ್ಲಿ. ಆಮೇಲೆ ಶುರು ಮಾಡಿದಾಗ ಹಗುರದ ಬಾಚಣಿಗೆ ತಗೋ, ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡು, ಮಣಿಕಟ್ಟು ಬಗ್ಗಿಸದೆ ಭುಜದಿಂದ ಕುಟ್ಟು. ಬಿಂದಿಗೆ, ಚೀಲ ಏನೇ ಎತ್ತಿದ್ರೂ ಅಂಗೈ ಮೇಲ್ಮುಖ ಇರ್ಲಿ, ಮೊಣಕೈ ಮೈಗೆ ಹತ್ರ ಇರ್ಲಿ."

ಅವಳು ಒಂದು ಸಣ್ಣ ಚೀಲಕ್ಕೆ ಕಲ್ಲು ತುಂಬಿಸಿ ಕಲ್ತೂಮಾಳ ಕೈಗೆ ಕೊಟ್ಟಳು. ಮುಂಗೈಯನ್ನು ಅಂಗೈ ಕೆಳಗಾಗಿ ತೊಡೆಯ ಮೇಲಿಟ್ಟು, ಚೀಲ ಹಿಡಿದ ಬಲ ಮಣಿಕಟ್ಟನ್ನು ಎಡಗೈಯ ನೆರವಿನಿಂದ ಮೇಲೆತ್ತಿ, ಆಮೇಲೆ ಬಲಗೈಯೊಂದರಿಂದಲೇ ನಿಧಾನವಾಗಿ ಕೆಳಗಿಳಿಸಬೇಕು. ದಿನಾ.

"ನೋಯುತ್ತಲ್ಲ!"

"ಸ್ವಲ್ಪ ನೋಯ್ಲಿ. ಮಾರನೇ ದಿನಕ್ಕೆ ನೋವು ಜಾಸ್ತಿಯಾದ್ರೆ ಕಲ್ಲು ಕಡಿಮೆ ಮಾಡು. ಹುರಿ ಬಲಿಯೋದು ಹೀಗೇನೇ. ಬೇಗ ಆಗಲ್ಲ. ತಿಂಗಳುಗಟ್ಟಲೆ ಹಿಡಿಯುತ್ತೆ, ಅದನ್ನ ಈಗ್ಲೇ ಹೇಳ್ತಿದೀನಿ. ಆಮೇಲೆ ಬಂದು ಬೈಬೇಡ."

"ಒಂದು ಸೂಜಿ ಚುಚ್ಚಿಬಿಡು ಮತ್ತೆ."

"ಚುಚ್ಚಿದ್ರೆ ಕೆಲವು ವಾರ ಹಾಯಾಗಿರುತ್ತೆ. ನೀನು ಹೋಗಿ ಇನ್ನೂ ಜೋರಾಗಿ ಕುಟ್ತೀಯ. ಆಮೇಲೆ ಎರಡರಷ್ಟಾಗಿ ವಾಪಸ್ ಬರುತ್ತೆ."

"ಬರೆ?"

ಗಿಜ್ಲಾನ್ ಉತ್ತರ ಹೇಳುವ ಮೊದಲು ಅವಳ ಮುಖ ನೋಡಿದಳು. "ಬರೆ ಹಾಕಿದ್ರೆ ನಿಂಗೆ ಎರಡು ರೋಗ. ಒಂದು ಹುರೀದು, ಒಂದು ಚರ್ಮದ್ದು."

*

ಗುರುವಾರ ದಾ ಬಿಹಿ ಬಂದಾಗ ಕಲ್ತೂಮಾ ಮಗ್ಗದ ಮುಂದೆ ಕೂತು ಗಂಟು ಕಟ್ಟುತ್ತಿದ್ದಳು. ಬಾಚಣಿಗೆ ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ಅದು ಇಜ್ಜಾಳ ಅತ್ತೆಯದು. ಅದರ ಹಿಡಿಗೆ ಕಲ್ತೂಮಾ ಹಳೆಯ ತಲೆವಸ್ತ್ರದ ಚಿಂದಿ ಸುತ್ತಿದ್ದಳು. ಅದಕ್ಕೇ ಬೆಳಗ್ಗೆಯಿಂದ ಇಜ್ಜಾ ಮಾತು ಬಿಟ್ಟಿದ್ದಳು.

ಮುದುಕ ಚಹಾ ಕುಡಿದ, ಬಾದಾಮಿ ತಿಂದ, ತನ್ನ ಚಿಕ್ಕ ಕಬ್ಬಿಣದ ಕಡ್ಡಿಯನ್ನು ಕೆಂಡದ ಒಲೆಯಲ್ಲಿ ಚುಚ್ಚಿಟ್ಟ. ಯಾಮ್ನಾ ಬಾಗಿಲ ಬಳಿ ಉಣ್ಣೆ ಹಿಂಜುತ್ತಾ ಕೂತಿದ್ದಳು. ಮದುವಣಗಿತ್ತಿ ಇಂಥದ್ದನ್ನು ನೋಡಬಾರದೆಂದು ತಾಯಿ ಹೇಳಿದರೂ ಅವಳು ಎದ್ದಿರಲಿಲ್ಲ.

"ಬಾ ಮಗಳೇ, ತೋಳು ಚಾಚು," ಎಂದ ದಾ ಬಿಹಿ. ಅದು ಅವನ ಕಟ್ಟುಪಾಡು. ನೋವಿದ್ದವರೇ ದೇವರ ಹೆಸರು ಹೇಳಿ ತೋಳು ಚಾಚಬೇಕು. ಬೇರೆಯವರು ಹಿಡಿದೊಡ್ಡಿದ ತೋಳಿಗೆ ಅವನು ಕಬ್ಬಿಣ ಮುಟ್ಟಿಸುವುದಿಲ್ಲ.

"ಚಾಚಲ್ಲ."

"ಹೆದರ್ಕೋಬೇಡ. ಕಣ್ಮುಚ್ಚಿ ತೆರೆಯೋದ್ರೊಳಗೆ ಆಗೋಗುತ್ತೆ."

"ಹೆದರಿಕೆ ಅಲ್ಲ, ದಾ ಬಿಹಿ. ನಿಮ್ಮ ಎಡಭುಜ ಹೇಗಿದೆ?"

ಮುದುಕನ ಎಡಗೈ ಒಂದು ವರ್ಷದಿಂದ ಭುಜದ ಮಟ್ಟಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಅವನಿಗೆ ನಿಲುವಂಗಿ ತೊಡಿಸುವುದು ಅವನ ಹೆಂಡತಿ ಎಂಬುದು ಊರಿಗೆಲ್ಲ ಗೊತ್ತಿತ್ತು.

"ಹಾಗೇ ಇದೆ. ಯಾಕೆ?"

"ಅದಕ್ಕೆ ಬರೆ ಹಾಕ್ಕೊಂಡಿಲ್ವಲ್ಲ."

ಯಾಮ್ನಾ ಉಣ್ಣೆಯೊಳಗೆ ಮುಖ ಹುದುಗಿಸಿ ನಕ್ಕಳು. ದಾ ಬಿಹಿ ಗಡ್ಡ ಕೆರೆದುಕೊಂಡ. "ನಂಗೆ ಹಾಕೋರು ಯಾರು? ಈ ಸುತ್ತಮುತ್ತಲಿಗೆಲ್ಲ ನಾನೊಬ್ಬನೇ," ಎಂದ. ಆಮೇಲೆ ಪ್ರಾಮಾಣಿಕನಾಗಿ ಸೇರಿಸಿದ. "ಉರಿಯುತ್ತೆ ಕಣಮ್ಮಾ ಅದು. ಅಂಗಳದಾಚೆಗೆ ಕೇಳೋಹಂಗೆ ಕೂಗ್ತಾರೆ ಜನ."

"ಸಾಕು ನಿನ್ ನಾಲಿಗೆ!" ಇಜ್ಜಾ ಸೊಸೆಯ ಮುಂದೆ ಬಂದು ನಿಂತಳು. "ಹಿರಿಯರಿಗೆ ಎದುರಾಡ್ತೀಯಾ? ನಂಗೆ ವಾಸಿಯಾಗಿಲ್ವಾ? ಇದೇ ದಾ ಬಿಹೀನೇ ಹಾಕಿದ್ದು. ಕೇಳು ಬೇಕಾದ್ರೆ."

"ಯಾವಾಗ ಹಾಕಿದ್ದು, ಅತ್ತೆ?"

"ಚಳಿ ಶುರುವಾಗೋ ಮುಂಚೆ, ಕೇಸರಿ ಹೂ ಬಿಡಿಸೋ ಕಾಲಕ್ಕೆ. ಹಮ್ಮೂ ಹಾಲು ಕುಡೀತಿದ್ದ."

"ನೋವು ಯಾವಾಗ ಹೋಯ್ತು?"

"ಚಳಿ ಮುಗಿದು ಬಾದಾಮಿ ಹೂ ಬಿಡೋ ಹೊತ್ತಿಗೆ."

"ಅಷ್ಟು ದಿನ ಬಾಚಣಿಗೆ ಹಿಡಿದಿದ್ರಾ?"

"ಹೇಗೆ ಹಿಡೀಲಿ? ಗಾಯ ಕೀವಾಗಿತ್ತು. ಉಣ್ಣೆಗೆ ತಾಗುತ್ತೆ ಅಂತ ನಮ್ಮತ್ತೆ ಮಗ್ಗದ ಹತ್ರಾನೇ ಬಿಡ್ಲಿಲ್ಲ. ಓಣಿ ಹೆಂಗಸರು ಬಂದು ನನ್ ಸಾಲು ಕುಟ್ಟಿಕೊಟ್ರು..."

ಒಲೆಯಲ್ಲಿ ಕಬ್ಬಿಣದ ತುದಿ ಕೆಂಪಾಗಿತ್ತು.

"ಹಂಗಂದ್ರೆ ವಾಸಿ ಮಾಡಿದ್ದು ಕಬ್ಬಿಣ ಅಲ್ಲ," ಎಂದಳು ಕಲ್ತೂಮಾ. "ಚಳಿಗಾಲ ಪೂರ್ತಿ ಕುಟ್ಟದೆ ಕೂತ್ರಲ್ಲ, ಅದು."

ಇಜ್ಜಾ ದಾ ಬಿಹಿಯ ಕಡೆ ನೋಡಿದಳು. ಮುದುಕ ಬಾದಾಮಿಯ ತಟ್ಟೆ ನೋಡಿದ. ಆಮೇಲೆ ಇಜ್ಜಾ ಸೊಸೆಯ ಪಕ್ಕದಲ್ಲಿ ಕುಕ್ಕರಿಸಿ, ದನಿ ತಗ್ಗಿಸಿ, ಹಲ್ಲು ಕಚ್ಚಿ ಹೇಳಿದಳು. "ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ, ದಡ್ಡೀ? ಈ ಊರಲ್ಲಿ ಹೆಂಗಸು ಸುಮ್ನೆ ಕೂತ್ರೆ ಸೋಮಾರಿ. ಬರೆ ಹಾಕಿಸ್ಕೊಂಡು ಕೂತ್ರೆ ಕಾಯಿಲೆಯವಳು. ಬರೆ ಇದ್ದೋಳ ಮನೆಗೆ ನಾಲ್ಕು ಜನ ಬಂದು ಕುಟ್ಟಿಕೊಡ್ತಾರೆ. ಬರೀ ನೋವು ಅಂದ್ರೆ ನಾಯೀನೂ ಬರಲ್ಲ. ನಿಂಗೆ ಬಿಡುವೂ ಆಗ್ಲಿ, ಕಂಬಳೀನೂ ಏರ್ಲಿ ಅಂತ ನಾನು ಇಷ್ಟೆಲ್ಲ... ಮೂರು ಚುಕ್ಕೆ ಕಣೇ. ನಾನು ತಡ್ಕೊಂಡಿಲ್ವಾ?"

ಕಲ್ತೂಮಾ ಅತ್ತೆಯ ಮುಖವನ್ನು ಹಾಗೆ ಹತ್ತಿರದಿಂದ ಎಂದೂ ನೋಡಿರಲಿಲ್ಲ. ಈ ಹೆಂಗಸು ತನ್ನನ್ನು ಸುಡಿಸಲು ಹೊರಟಿದ್ದು ತನ್ನ ಮೇಲಿನ ಅಕ್ಕರೆಯಿಂದಲೇ. ಆ ವಿಷಯ ಅರ್ಥವಾದಾಗ ಅವಳಿಗೆ ಕರುಣೆ ಬರಲಿಲ್ಲ, ಇನ್ನಷ್ಟು ಸಿಟ್ಟು ಬಂತು.

"ರಜೆ ಬೇಕಾದ್ರೆ ಚರ್ಮ ಕೊಡ್ಬೇಕಾ? ನಾನು ಕೊಡಲ್ಲ. ಟೆನಿಸ್ ಆಡೋ ಹೆಂಗಸರಿಗೂ ಇದೇ ನೋವಂತೆ. ಅವರಿಗೆ ಯಾರು ಬರೆ ಹಾಕ್ತಾರೆ?"

"ಯಾರು ಆಡೋರು?"

"ಯಾರೋ ಬಿಡಿ. ನಾನು ಕೂರ್ತೀನಿ. ಹೀಗೇ ಕೂರ್ತೀನಿ. ಕೇಳಿದ್ರೆ ಕೈ ನೋಯ್ತಿದೆ ಅಂತೀನಿ."

"ಮತ್ತೆ ಕಂಬಳಿ?" ಇಜ್ಜಾಳ ದನಿ ಏರಿತು. "ವಸಂತ ಬಂದೇಬಿಡ್ತು. ಗೇಣುದ್ದದ ಕಂಬಳಿ ಹೊತ್ಕೊಂಡು ನನ್ ಮಗಳು ಗಂಡನ ಮನೆಗೆ ಹೋಗ್ಬೇಕಾ?"

ಬಾಗಿಲ ಬಳಿಯಿಂದ ಯಾಮ್ನಾ ಹೇಳಿದಳು. "ಗಿಡ್ಡ ಆದ್ರೆ ಆಗ್ಲಿ ಬಿಡಮ್ಮಾ. ನಾನೇನು ಅದರ ಮೇಲೆ ಕುದುರೆ ಓಡಿಸ್ತೀನಾ?"

"ನೀನು ಬಾಯ್ಮುಚ್ಚು!"

ಕಲ್ತೂಮಾ ಎದ್ದಳು. ಕೆಂಡದ ಒಲೆಯ ಬಳಿ ಹೋಗಿ, ಎಡಗೈಗೆ ಸೆರಗು ಸುತ್ತಿಕೊಂಡು, ಕಬ್ಬಿಣದ ಕಡ್ಡಿಯನ್ನು ಎಳೆದಳು. ಇಜ್ಜಾ ಹಿಂದಕ್ಕೆ ಸರಿದಳು. ಕಲ್ತೂಮಾ ಅದನ್ನು ಉಣ್ಣೆಗೆ ಬಣ್ಣ ಹಾಕಲು ಇಟ್ಟಿದ್ದ ನೀರಿನ ಬಕೆಟ್ಟಿಗೆ ಅದ್ದಿದಳು. ಚುಂಯ್ ಎಂದು ಹಬೆ ಎದ್ದಿತು. ಆರಿದ ಕಡ್ಡಿಯನ್ನು ಒರೆಸಿ, ದಾ ಬಿಹಿಯ ಮುಂದೆ ತಟ್ಟೆಯ ಪಕ್ಕಕ್ಕಿಟ್ಟಳು.

"ತಗೊಳ್ಳಿ, ದಾ ಬಿಹಿ. ಕೆಳಗೂರಿನ ನರ್ಸ್ ಭುಜಾನೂ ನೋಡ್ತಾಳೆ. ಹಮ್ಮೂ ವ್ಯಾನಲ್ಲಿ ಸೀಟಿದೆ."

ದಾ ಬಿಹಿ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡ. ಕೋಪಿಸಿಕೊಂಡಂತೆ ಕಾಣಲಿಲ್ಲ. "ಚಾಚದ ತೋಳಿಗೆ ನಾನು ಹಾಕಲ್ಲ, ಇಜ್ಜಾ," ಎಂದು ಎದ್ದ. ಬಾಗಿಲ ಬಳಿ ನಿಂತು, ಯಾರಿಗೂ ಅಲ್ಲವೆಂಬಂತೆ ಕೇಳಿದ. "ಬೆಳಗ್ಗೆ ಎಷ್ಟೊತ್ತಿಗೆ ಹೊರಡುತ್ತೆ ಆ ವ್ಯಾನು?"

*

ಮರುದಿನ ಬೆಳಗ್ಗೆ ಓಣಿಯಲ್ಲಿ ಎಲ್ಲ ಮನೆಗಳ ಸದ್ದೂ ಶುರುವಾಯಿತು. ಒಂದು ಮನೆಯದು ಇರಲಿಲ್ಲ. ಕಲ್ತೂಮಾ ಒಂದಿಷ್ಟು ಸಾಲು ಗಂಟು ಕಟ್ಟಿ ಮುಗಿಸಿ, ಹೊಸ್ತಿಲ ಹೊರಗೆ ಬಂದು ಎಲ್ಲರಿಗೂ ಕಾಣುವಂತೆ ಕೂತಳು. ಬಲತೋಳಿನ ಬಟ್ಟೆಯನ್ನು ಮೊಣಕೈ ಮೇಲಕ್ಕೆ ಮಡಚಿದ್ದಳು. ತೊಡೆಯ ಮೇಲೆ ಕಲ್ಲಿನ ಚೀಲ.

ಮಹ್ಜೂಬಾ ಬರುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೈಯಲ್ಲಿ ಮಜ್ಜಿಗೆಯ ಪಾತ್ರೆ ಇತ್ತು. ಬರೆ ಹಾಕಿಸಿಕೊಂಡವರಿಗೆ ತರುವ ಮಜ್ಜಿಗೆ.

"ನಿನ್ನೆ ದಾ ಬಿಹಿ ಬಂದಿದ್ದ. ಕೂಗೇ ಕೇಳಿಸ್ಲಿಲ್ಲ ನಿಂದು. ಗಟ್ಟಿಗಿತ್ತಿ ಬಿಡು." ಅವಳು ಬಗ್ಗಿ ತೋಳು ನೋಡಿದಳು. ಇನ್ನೊಮ್ಮೆ ನೋಡಿದಳು. "ಎಲ್ಲೇ ಬರೆ?"

"ಇಲ್ಲ."

"ಇಲ್ಲ ಅಂದ್ರೆ?"

"ಹಾಕಿಸ್ಲಿಲ್ಲ. ಕೈ ನೋಯ್ತಿದೆ, ಅದಕ್ಕೆ ಕೂತಿದ್ದೀನಿ. ಬರೆ ಇದ್ದೋಳಿಗೆ ಕುಟ್ಟಿಕೊಡೋ ಹಂಗೆ ನಂಗೂ ಒಂದಿಷ್ಟು ಸಾಲು ಕುಟ್ಟಿಕೊಡು, ಮಹ್ಜೂಬಾ."

ಮಹ್ಜೂಬಾ ನೆಟ್ಟಗಾದಳು. "ನೋವು ಯಾರಿಗಿಲ್ಲ? ನಂಗೆ ಸೊಂಟ ನೋಯುತ್ತೆ, ಮಂಡಿ ನೋಯುತ್ತೆ, ಹೆಬ್ಬೆರಳು ನೋಯುತ್ತೆ. ಹೀಗೆ ಒಬ್ಬೊಬ್ರೂ ಹೊಸ್ತಿಲ ಮೇಲೆ ಕೂತ್ರೆ ಈ ಊರು ಉದ್ಧಾರ ಆದಂಗೇ."

"ಕೂತ್ಕೋ ಮತ್ತೆ. ಜಾಗ ಇದೆ."

ಮಹ್ಜೂಬಾ ಮಜ್ಜಿಗೆಯ ಪಾತ್ರೆಯ ಸಮೇತ ತಿರುಗಿದಳು. ಓಣಿ ತಿರುಗುವಷ್ಟರಲ್ಲಿ ಅವಳ ದನಿ ಏರುತ್ತಾ ಹೋಯಿತು. ಇಜ್ಜಾಳ ಸೊಸೆ ಸುಖ ಕಂಡಿದ್ದಾಳೆ, ಇಜ್ಜಾಳ ಸೊಸೆ ಬೀದಿಯಲ್ಲಿ ಕಲ್ಲಾಟ ಆಡುತ್ತಿದ್ದಾಳೆ.

ಒಳಗೆ ಗೂಟದಿಂದ ಏನೋ ಕೆಳಗಿಳಿದ ಸದ್ದಾಯಿತು. ಆಮೇಲೆ ಕುಟ್ಟುವ ಸದ್ದು. ಒಂದು. ತಡೆದು ಇನ್ನೊಂದು. ಆಮೇಲೆ ಒಂದು ಬೈಗುಳ. ಇಜ್ಜಾಳ ಉಂಗುರದ ಬೆರಳು ಮಡಚಿದರೆ ಸಿಕ್ಕಿಕೊಳ್ಳುತ್ತಿತ್ತು, ಇನ್ನೊಂದು ಕೈಯಿಂದ ಎಳೆದು ಬಿಡಿಸಬೇಕಿತ್ತು. ಅದನ್ನು ಅವಳು ಇಷ್ಟು ವರ್ಷ ಓಣಿಯವರಿಗೆ ಕಾಣದಂತೆ ಸೆರಗಿನಡಿ ಬಚ್ಚಿಟ್ಟಿದ್ದಳು. ಮತ್ತೆ ಕುಟ್ಟುವ ಸದ್ದು, ನಿಧಾನ, ಮೆತ್ತಗೆ, ಯಾವ ಹೆಣ್ಣು ನೋಡುವವರೂ ಒಪ್ಪದಂಥದ್ದು.

ಕಿಟಕಿಯ ಹಲಗೆ ಧಡಾರನೆ ತೆರೆಯಿತು.

"ಮಹ್ಜೂಬಾ! ನಿಂಗೇ ಕಣೇ ಹೇಳ್ತಿರೋದು! ನನ್ ಸೊಸೆ ಕೂತಿದಾಳೆ! ಬರೆ ಇಲ್ದೇನೇ ಕೂತಿದಾಳೆ! ಕಂಬಳಿ ಗಿಡ್ಡ ಆಗುತ್ತೆ, ಅದನ್ನೂ ಊರಿಗೆಲ್ಲ ಸಾರ್ಕೊಂಡು ಬಾ ಹೋಗು!"

ಹಲಗೆ ಮುಚ್ಚಿತು. ತಕ್ಷಣ ಮತ್ತೆ ತೆರೆಯಿತು, ಈ ಸಲ ಮಾತು ಹೊಸ್ತಿಲ ಕಡೆಗಿತ್ತು.

"ಈ ಚಿಂದಿ ಸುತ್ತಿದ್ದೀಯಲ್ಲ, ಸಡಿಲ ಇದೆ. ಸಂಜೆ ಬಿಗಿಯಾಗಿ ಸುತ್ತು."

"ಹೂಂ, ಅತ್ತೆ."

ಎದುರು ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಬಂದು ನಿಂತಿದ್ದರು. ಕಲ್ತೂಮಾ ಅವರಿಗೆ ಬೆನ್ನು ತಿರುಗಿಸಲಿಲ್ಲ. ಎಡಗೈಯಿಂದ ಬಲಗೈಯನ್ನು ಮೇಲೆತ್ತಿ, ಎಡಗೈ ಬಿಟ್ಟು, ಕಲ್ಲಿನ ಚೀಲವನ್ನು ನಿಧಾನವಾಗಿ ಇಳಿಸತೊಡಗಿದಳು. ಮೊಣಕೈ ನೋಯುತ್ತಿತ್ತು. ಅವಳು ಪೂರ್ತಿ ಕೆಳಗಿನವರೆಗೂ ಇಳಿಸಿದಳು.